ಈರಣ್ಣ, ಈರನ್ನ ಮತ್ತು ನಡುವಿನ ದಾರಿ

ಶ್ರಾವಣ ಬಂತೆಂದರೆ ಆಂಧ್ರದ ಕೌತಾಳಂ ಮಂಡಲದ ದಾರಿಗಳಲ್ಲಿ ಕರ್ನಾಟಕದ ಗಾಡಿಗಳು ಸಾಲುಗಟ್ಟುತ್ತವೆ. ಸಿರುಗುಪ್ಪ, ಬಳ್ಳಾರಿ, ರಾಯಚೂರು ಕಡೆಯ ಜನ ಉರುಕುಂದದ ಈರಣ್ಣ ಸ್ವಾಮಿಗೆ ಹರಕೆ ಒಪ್ಪಿಸಲು ಬರುತ್ತಾರೆ. ಕನ್ನಡದವರ ಬಾಯಲ್ಲಿ ಆ ಊರು ಉರುಕುಂದಿ. ತೆಲುಗು ಫಲಕದಲ್ಲಿ ಉರುಕುಂದ. ಸ್ವಾಮಿಯ ಹೆಸರನ್ನು ಕನ್ನಡದಲ್ಲಿ ಬರೆದರೆ ಣಕಾರಕ್ಕೆ ಣಕಾರದ ಒತ್ತು, ತೆಲುಗಿನಲ್ಲಿ ಬರೆದರೆ ನಕಾರಕ್ಕೆ ನಕಾರದ ಒತ್ತು. ಈರಣ್ಣ, ಈರನ್ನ. ಹರಕೆ ಹೊತ್ತವರಿಗೆ ಇದು ಒಂದೇ ಹೆಸರು. ಎರಡು ಕಚೇರಿಗಳ ಕಂಪ್ಯೂಟರಿಗೆ ಇವರು ಇಬ್ಬರು.

ನಾನು ಹೇಳಹೊರಟ ಕೆಲಸ ಇಷ್ಟೇ: ಒಂದು ಕಚೇರಿಯ ಡೇಟಾಬೇಸಿನಲ್ಲಿ ಇವತ್ತು ಆದ ಬದಲಾವಣೆಯನ್ನು ಇನ್ನೊಂದು ಕಚೇರಿಯ ಡೇಟಾಬೇಸಿಗೆ ಇವತ್ತೇ ರಾತ್ರಿ ತಲುಪಿಸಬೇಕು. ನಾಳೆಯೂ, ನಾಡಿದ್ದೂ. ಹೀಗೆ ಹೇಳಿದರೆ ಅಂಚೆಯ ಕೆಲಸದ ಹಾಗೆ ಕೇಳಿಸುತ್ತದೆ. ಪಿಂಚಣಿ, ಬೆಳೆ ಸಾಲ, ಪಡಿತರ, ಬೆಳೆ ವಿಮೆ, ಹೊಲದ ಕ್ರಯ ಎಲ್ಲದರ ಹಿಂದೆಯೂ ಇಂಥ ಸಾಗಾಟ ದಿನಾಲೂ ನಡೆಯುತ್ತಿರುತ್ತದೆ. ಸರಿಯಾಗಿ ನಡೆದಾಗ ಯಾರಿಗೂ ಅದು ಕಾಣುವುದಿಲ್ಲ. ತಪ್ಪಿದಾಗ ಕಾಣುವುದು ಒಬ್ಬ ರೈತನ ಖಾತೆಗೆ ಬಾರದ ಎರಡು ಸಾವಿರ ರೂಪಾಯಿಯಲ್ಲಿ. ನನಗೆ ಈ ವಿಷಯ ಮುಖ್ಯವಾಗಿರುವುದು ಅದಕ್ಕೇ.

ಒಬ್ಬ ರೈತನನ್ನು ಕಲ್ಪಿಸಿಕೊಳ್ಳಿ. ಹೆಸರು ಈರಣ್ಣ ಎಂದೇ ಇರಲಿ. ಈ ಸೀಮೆಯಲ್ಲಿ ಸ್ವಾಮಿಯ ಹೆಸರು ಇಟ್ಟುಕೊಂಡವರಿಗೆ ಬರವಿಲ್ಲ. ಕೌತಾಳದಲ್ಲಿ ಅಪ್ಪನಿಂದ ಬಂದ ಹತ್ತಿ ಹೊಲವಿದೆ. ತುಂಗಭದ್ರೆಯ ಆಚೆ ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನಲ್ಲಿ ತಾಯಿಯ ತವರಿನಿಂದ ಬಂದ ಒಂದು ತುಂಡು ನೆಲವಿದೆ. ಮನೆಯಲ್ಲಿ ಕನ್ನಡ, ತಹಶೀಲ್ದಾರರ ಕಚೇರಿಯಲ್ಲಿ ತೆಲುಗು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇಂಗ್ಲಿಷ್. ಅಪ್ಪನ ಹೊಲ ಆಂಧ್ರದ ವೆಬ್‌ಲ್ಯಾಂಡ್ ಡೇಟಾಬೇಸಿನಲ್ಲಿದೆ. ಅದರ ಅಡಂಗಲ್ ಮತ್ತು 1-ಬಿ ಪ್ರತಿಯನ್ನು 2015ರಿಂದ ಮೀ ಭೂಮಿ ಜಾಲತಾಣದಲ್ಲಿ ನೋಡಬಹುದು. ಆಚೆ ದಡದ ನೆಲ ಕರ್ನಾಟಕದ ‘ಭೂಮಿ’ಯಲ್ಲಿದೆ; ಅಲ್ಲಿ ಕೈಗೆ ಸಿಗುವುದು ಪಹಣಿ. ಎರಡನ್ನೂ ಕಟ್ಟಿದ ಕೈಗಳು ಬೇರೆ, ಕಟ್ಟಿದ ಕಾಲ ಬೇರೆ, ಕಟ್ಟಿದ ಉದ್ದೇಶವೂ ತುಸು ಬೇರೆ. ಆದರೆ ಕೇಂದ್ರದ ಯೋಜನೆಯೊಂದು ಬಂದಾಗ ಎರಡರಿಂದಲೂ ಮಾಹಿತಿ ಮೇಲಕ್ಕೆ ಹೋಗಬೇಕಾಗುತ್ತದೆ. 2019ರ ಫೆಬ್ರವರಿ 24ರಂದು ಶುರುವಾದ ಪಿಎಂ-ಕಿಸಾನ್ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ರೈತರ ಪಟ್ಟಿ ಮಾಡಿ ಕಳಿಸುವುದು ರಾಜ್ಯ, ವರ್ಷಕ್ಕೆ 2,000 ರೂಪಾಯಿಯ 3 ಕಂತು ಹಾಕುವುದು ಕೇಂದ್ರ.

ಮೊದಲ ತೊಡಕು ಅಳತೆಯದು. ರಾಯಚೂರಿನ ಪಹಣಿಯಲ್ಲಿ 2.20 ಎಂದಿದ್ದರೆ ಅದು 2 ಎಕರೆ 20 ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ಎರಡೂವರೆ ಎಕರೆ ಎಂದರ್ಥ. ಕೌತಾಳದ ಅಡಂಗಲ್ಲಿನಲ್ಲಿ 2.20 ಎಂದರೆ 2 ಎಕರೆ 20 ಸೆಂಟು. ಎಕರೆಗೆ 100 ಸೆಂಟು. ಮದರಾಸಿನ ಆಳ್ವಿಕೆ ಕಂಡ ಸೀಮೆಯಲ್ಲಿ ಸೆಂಟಿನ ಲೆಕ್ಕ ಉಳಿಯಿತು, ನಿಜಾಮನ ಸೀಮೆಯಲ್ಲಿ ಗುಂಟೆಯ ಲೆಕ್ಕ. ಬರೆದ ಅಂಕಿ ಒಂದೇ, ನೆಲ ಬೇರೆ. ಪಹಣಿಯ 2.20 ಅನ್ನು ಯಂತ್ರ ಹಾಗೇ ಎತ್ತಿಕೊಂಡು ಹೋಗಿ ಸೆಂಟಿನ ಕಡತದಲ್ಲಿ ಇಟ್ಟರೆ 30 ಸೆಂಟು ನೆಲ, ಅಂದರೆ 12 ಗುಂಟೆ, ಯಾರೂ ಕದಿಯದೆ ಕಳೆದುಹೋಗುತ್ತದೆ. ಯಂತ್ರ ಎಲ್ಲಿಯೂ ದೋಷ ತೋರಿಸುವುದಿಲ್ಲ, ಏಕೆಂದರೆ 2.20 ಎರಡೂ ಕಡೆ ಒಪ್ಪುವ ಅಂಕಿಯೇ. ಕೆಲಸ ಬಲ್ಲವರು ಇದನ್ನು ಪತ್ತೆ ಹಚ್ಚಲು ಒಂದು ಸರಳ ಉಪಾಯ ಮಾಡುತ್ತಾರೆ. ಇಡೀ ಊರಿನ ಪಟ್ಟಿಯಲ್ಲಿ ಚುಕ್ಕಿಯ ಬಲಕ್ಕೆ 39ಕ್ಕಿಂತ ದೊಡ್ಡ ಅಂಕಿ ಒಂದೂ ಇಲ್ಲದಿದ್ದರೆ ಅದು ಗುಂಟೆಯ ಪಟ್ಟಿ. 40ರಿಂದ 99ರ ನಡುವಿನ ಅಂಕಿ ಒಂದೇ ಒಂದು ಸಿಕ್ಕರೂ ಅಲ್ಲಿ ಸೆಂಟಿನ ಲೆಕ್ಕ ಬೆರೆತಿದೆ ಎಂದು ತಿಳಿಯಬೇಕು.

ಸರ್ವೆ ನಂಬರಿನದು ಇನ್ನೊಂದು ಕಥೆ. ‘ಭೂಮಿ’ಯಲ್ಲಿ ಸರ್ವೆ ನಂಬರು ಮತ್ತು ಹಿಸ್ಸಾ ನಂಬರಿನ ನಡುವೆ ‘ಸರ್ನಾಕ್’ ಎಂಬ ಇನ್ನೊಂದು ಮನೆ ಇದೆ. ಬಹಳ ಸಲ ಅಲ್ಲಿ ಒಂದು ನಕ್ಷತ್ರದ ಗುರುತಷ್ಟೇ ಇರುತ್ತದೆ. ಈಚೆ ಆಂಧ್ರದಲ್ಲಿ 12/3 ಎಂದು ಬರೆದು ಮುಗಿಸುತ್ತಾರೆ. ಇಂಥ ಪಟ್ಟಿಯನ್ನು ಯಾರಾದರೂ ಎಕ್ಸೆಲ್‌ನಲ್ಲಿ ಒಮ್ಮೆ ತೆರೆದು ಉಳಿಸಿದರೆ 12/3 ಎಂಬ ಹೊಲ ಮಾರ್ಚ್ 12 ಆಗಿಬಿಡುತ್ತದೆ, ಇಲ್ಲವೇ ಡಿಸೆಂಬರ್ 3. 25/13 ಮಾತ್ರ ಹಾಗೇ ಉಳಿಯುತ್ತದೆ, ಏಕೆಂದರೆ ಅಂಥ ತಾರೀಖು ಪಂಚಾಂಗದಲ್ಲಿಲ್ಲ. ಆದ್ದರಿಂದ ಒಂದೇ ಪಟ್ಟಿಯಲ್ಲಿ ಕೆಲವು ಹೊಲ ತಾರೀಖಾಗಿ, ಕೆಲವು ಹೊಲ ಹೊಲವಾಗಿಯೇ ಮುಂದೆ ಸಾಗುತ್ತವೆ. ಮೇಲಿಂದ ನಾಲ್ಕು ಸಾಲು ನೋಡಿ ಸರಿಯಿದೆ ಎಂದವರಿಗೆ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಹೆಸರಿನ ವಿಷಯದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ. ಗಡಿಯ ಜನರಿಗೆ ಹೆಚ್ಚು ತೊಂದರೆ ಕೊಡುವುದು ಅದೇ.

ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ಬೇರಿನವು ಎಂದು ಶಾಸನ ಓದಿದವರು ಹೇಳುತ್ತಾರೆ. ಕಂಪ್ಯೂಟರಿನೊಳಗೂ ಅವು ಒಂದೇ ಬೀದಿಯ ಅಕ್ಕಪಕ್ಕದ ಮನೆಗಳು. 1991ರ ಇಸ್ಕಿ ಮಾನಕದಲ್ಲಿ ಭಾರತದ ಹಲವು ಲಿಪಿಗಳಿಗೆ ಹಂಚಿಕೆಯ ಸಂಕೇತವಿತ್ತು. ಕನ್ನಡದ ಕ, ತೆಲುಗಿನ ಕ ಎರಡಕ್ಕೂ ಒಂದೇ ಸಂಖ್ಯೆ, ಯಾವ ಲಿಪಿಯಲ್ಲಿ ತೋರಿಸಬೇಕೆಂಬುದು ಬೇರೆ ಸೂಚನೆ. ಯೂನಿಕೋಡ್ ಬಂದಾಗ ಪ್ರತಿ ಲಿಪಿಗೂ 128 ಕೋಣೆಗಳ ಸ್ವಂತ ಮನೆ ಸಿಕ್ಕಿತು. ತೆಲುಗಿನ ಮನೆ ಮುಗಿದಲ್ಲಿ ಕನ್ನಡದ ಮನೆ ಶುರು. ತೆಲುಗಿನ ಕಕಾರದ ಸಂಖ್ಯೆ 3093, ಕನ್ನಡದ ಕಕಾರದ ಸಂಖ್ಯೆ 3221. ನಡುವಿನ ಅಂತರ ಸರಿಯಾಗಿ 128. ಉಳಿದ ಸಮಾನ ಅಕ್ಷರಗಳಿಗೂ ಇದೇ ಅಂತರ. ಅಂದರೆ ತೆಲುಗಿನ ಹೆಸರನ್ನು ಕನ್ನಡ ಲಿಪಿಗೆ ತರಬೇಕಾದರೆ ಪ್ರತಿ ಸಂಖ್ಯೆಗೂ 128 ಕೂಡಿಸಿದರೆ ಮುಗಿಯಿತು. ಇಷ್ಟು ಸುಲಭದ ದಾರಿ ಲೋಕದ ಬಹಳ ಲಿಪಿಗಳ ನಡುವೆ ಇಲ್ಲ.

ಲಿಪಿ ದಾಟುತ್ತದೆ, ಹೆಸರು ದಾಟುವುದಿಲ್ಲ. 128 ಕೂಡಿಸಿದಾಗ ತೆಲುಗಿನ ಕಡತದಿಂದ ಬರುವುದು ‘ಈರನ್ನ’. ಆಚೆ ದಡದಲ್ಲಿ ಕಾದಿರುವುದು ‘ಈರಣ್ಣ’. ನರಸನ್ನ, ನರಸಣ್ಣ, ಲಿಂಗನ್ನ, ಲಿಂಗಣ್ಣ. ತೆಲುಗಿನ ರೂಢಿಯಲ್ಲಿ ಮನೆಹೆಸರು ಮೊದಲು ಬರುತ್ತದೆ, ಕನ್ನಡದ ರೂಢಿಯಲ್ಲಿ ತನ್ನ ಹೆಸರು ಮೊದಲು, ಅಪ್ಪನದೋ ಮನೆತನದ್ದೋ ಆಮೇಲೆ. ಆಧಾರ್‌ನ ಇಂಗ್ಲಿಷ್ ಸಾಲಿಗೆ ಹೋದರೆ ಮೊದಲ ‘ಈ’ಗೆ ಒಬ್ಬರು ಎರಡು ಅಕ್ಷರ ಬರೆಯುತ್ತಾರೆ, ಇನ್ನೊಬ್ಬರು ಒಂದನ್ನೇ, ಕೆಲವರು ಇದು ವೀರಣ್ಣ ಎಂದೇ ತಿಳಿದು ಮುಂದೊಂದು ವಕಾರ ಸೇರಿಸುತ್ತಾರೆ. ಕೌತಾಳದ ಖಾದರ್‌ಲಿಂಗ ಸ್ವಾಮಿಯ ದರ್ಗಾ ಸುತ್ತಲ ಸೀಮೆಗೆಲ್ಲ ಗೊತ್ತು. ಆ ಹೆಸರನ್ನು ನೀವು ನೋಡುತ್ತಿರುವ ಹಾಗೆ ಅರ್ಧ ರಕಾರವನ್ನು ಒಡೆದು ತೋರಿಸಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇಡಬೇಕು. ಒಂದು ಕಡತದಲ್ಲಿ ಆ ಸಂಕೇತವಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಹೋಲಿಕೆ ತಪ್ಪುತ್ತದೆ. ‘ಆದೋನಿ’ಯಲ್ಲಿರುವ ಓಕಾರವನ್ನೂ ಕನ್ನಡ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಮೂರು ತುಣುಕಾಗಿಯೂ ಬರೆಯಬಹುದು. ತೆರೆಯ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದು. ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತಂದುಕೊಳ್ಳುವ ವಿಧಾನ ಇದೆ. ಅದನ್ನು ಮಾಡದೆ ಬಿಟ್ಟ ಕಡೆ ಮಾತ್ರ ಪೆಟ್ಟು.

ಇದಕ್ಕೆ ಪರಿಹಾರವಾಗಿ ಹೆಸರು ಬಿಟ್ಟು ಸಂಖ್ಯೆ ಹಿಡಿಯಬೇಕು ಎನ್ನುತ್ತಾರೆ. ಮನುಷ್ಯನಿಗೆ ಆಧಾರ್, ಹೊಲಕ್ಕೆ 14 ಅಂಕಿಯ ಭೂ-ಆಧಾರ್, ಕರ್ನಾಟಕದ ರೈತನಿಗೆ ಫ್ರೂಟ್ಸ್ ಸಂಖ್ಯೆ. ಸರಿಯಾದ ಮಾತೇ. ಆದರೆ ಸಂಖ್ಯೆಯನ್ನು ಮೊದಲ ಸಲ ಹಳೆಯ ಸಾಲಿಗೆ ಅಂಟಿಸುವಾಗ ಮತ್ತೆ ಹೆಸರನ್ನೇ ನೋಡಬೇಕಲ್ಲ! ಪಿಎಂ-ಕಿಸಾನ್‌ನಲ್ಲಿ ಆಧಾರ್‌ನ ಹೆಸರಿಗೂ ಅರ್ಜಿಯ ಹೆಸರಿಗೂ ತಾಳೆಯಾಗದೆ ನಿಂತ ಸಾಲುಗಳನ್ನು ರೈತರೇ ತಿದ್ದಿಕೊಳ್ಳಲೆಂದು ಜಾಲತಾಣದಲ್ಲಿ ಬೇರೆಯೇ ಒಂದು ಕಿಂಡಿ ತೆರೆಯಬೇಕಾಯಿತು.

ಕಂಪ್ಯೂಟರ್ ಬರುವ ಮುಂಚೆ ಈ ಕೆಲಸ ಇರಲಿಲ್ಲವೆಂದು ಯಾರೂ ತಿಳಿಯಬಾರದು. 1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ 1807ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರಾಗಿದ್ದು ರೈತವಾರಿ ಪದ್ಧತಿಯನ್ನು ಬೇರೂರಿಸಿದ. ಪ್ರತಿ ರೈತನಿಗೂ ಸರ್ಕಾರದೊಡನೆ ನೇರ ಲೆಕ್ಕ ಎಂದ ಮೇಲೆ ಊರಿನ ಲೆಕ್ಕಿಗನಾದ ಕರಣಂ ಒಂದು ಲೆಕ್ಕ ಇಡಬೇಕು, ತಾಲ್ಲೂಕಿನಲ್ಲಿ ಇನ್ನೊಂದು ಲೆಕ್ಕ ಇರಬೇಕು, ಎರಡೂ ವರ್ಷಕ್ಕೊಮ್ಮೆ ತಾಳೆಯಾಗಬೇಕು. ಆ ತಾಳೆಯ ಹೆಸರೇ ಜಮಾಬಂದಿ. ಕರಣಂಗಳು ಬಟ್ಟೆಯಲ್ಲಿ ಸುತ್ತಿದ ಲೆಕ್ಕದ ಕಟ್ಟು ಹೊತ್ತು ಬರುತ್ತಿದ್ದರು. ಊರಿನ ಲೆಕ್ಕ, ತಾಲ್ಲೂಕಿನ ಲೆಕ್ಕ ಅಕ್ಕಪಕ್ಕ ಇಟ್ಟು ಸಾಲು ಸಾಲಾಗಿ ನೋಡಿ, ಮೊತ್ತ ಕೂಡಿಸಿ, ವ್ಯತ್ಯಾಸ ಬಂದಲ್ಲಿ ಕಾರಣ ಕೇಳಿ, ತಿದ್ದಿ, ಮೇಲಧಿಕಾರಿ ರುಜು ಹಾಕಿದರೆ ಕಂದಾಯದ ಆ ಫಸಲಿ ವರ್ಷ ಮುಗಿಯಿತು. ಕರಣಂನ ಕೈಯಲ್ಲಿ ಅಧಿಕಾರವೂ ಇತ್ತು, ಅನ್ಯಾಯವೂ ನಡೆಯುತ್ತಿತ್ತು, 1984ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಆ ಹುದ್ದೆಯನ್ನೇ ರದ್ದು ಮಾಡಿದ್ದಕ್ಕೆ ಕಾರಣವಿತ್ತು. ಆದರೆ ಜಮಾಬಂದಿಯ ಒಂದು ಗುಣವನ್ನು ನಾನು ಎತ್ತಿ ಹೇಳಲೇಬೇಕು. ತಾಳೆಯಾಗದ ಸಾಲಿನ ಮುಂದೆ ಒಬ್ಬ ಮನುಷ್ಯ ನಿಂತು ಉತ್ತರ ಕೊಡಬೇಕಾಗಿತ್ತು.

ಕೌತಾಳದ ಲೆಕ್ಕ ಒಮ್ಮೆ ಬುಡಸಮೇತ ಬೇರೆ ಕಡೆ ಹೋಗಿದ್ದೂ ಉಂಟು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಉಳಿದ ತಾಲ್ಲೂಕುಗಳು ಮೈಸೂರಿಗೆ ಬಂದವು. ಫಸಲಿ ವರ್ಷ ಶುರುವಾಗುವುದು ಜುಲೈ 1ರಂದು. ಹಾಗಾಗಿ 1363ನೇ ಫಸಲಿ ತೆರೆದಾಗ ಬಳ್ಳಾರಿ ಜಿಲ್ಲೆಯವನಾಗಿದ್ದ ಕೌತಾಳದ ರೈತ, ಅದೇ ಫಸಲಿ ಮುಗಿಯುವ ಹೊತ್ತಿಗೆ ಕರ್ನೂಲು ಜಿಲ್ಲೆಯವನಾಗಿದ್ದ. ನೀರಿನ ಲೆಕ್ಕವನ್ನು ಎರಡೂ ರಾಜ್ಯಗಳಿಗೆ ಸೇರಿ ನೋಡಿಕೊಳ್ಳಲು ಆಂಧ್ರ ರಾಜ್ಯವನ್ನು ಹುಟ್ಟಿಸಿದ ಕಾಯ್ದೆಯ ಅಡಿಯಲ್ಲೇ ತುಂಗಭದ್ರಾ ಮಂಡಳಿ ಬಂತು. ಕೆಳಮಟ್ಟದ ಕಾಲುವೆ ಇವತ್ತಿಗೂ ಅದರ ಲೆಕ್ಕದಲ್ಲೇ ಗಡಿ ದಾಟಿ ಇತ್ತ ಹರಿಯುತ್ತದೆ. ಹೊಲದ ಲೆಕ್ಕಕ್ಕೆ ಅಂಥ ಮಂಡಳಿ ಬರಲಿಲ್ಲ.

ಎರಡು ಡೇಟಾಬೇಸುಗಳ ನಡುವಿನ ಸಾಗಾಟ ಹೇಗೆ ನಡೆಯಬೇಕು ಎಂಬುದಕ್ಕೆ ಕರ್ನಾಟಕದಲ್ಲೇ ಒಳ್ಳೆಯ ನಿದರ್ಶನವಿದೆ. ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ 2 ಕೋಟಿಯಷ್ಟು ಪಹಣಿಗಳು ‘ಭೂಮಿ’ ಯೋಜನೆಯಲ್ಲಿ ಕಂಪ್ಯೂಟರಿಗೆ ಬಂದವು. ಅದು ಕಂದಾಯ ಇಲಾಖೆಯದು. ಕ್ರಯಪತ್ರ ನೋಂದಾಯಿಸುವುದು ನೋಂದಣಿ ಮತ್ತು ಮುದ್ರಾಂಕ ಇಲಾಖೆ. ಅದರ ‘ಕಾವೇರಿ’ ತಂತ್ರಾಂಶ 2003ರಲ್ಲಿ ಬಂತು. ಭೂಮಿ, ಕಾವೇರಿ ಎರಡೂ ಒಂಟಿಯಾಗಿದ್ದಾಗ ಏನಾಗುತ್ತಿತ್ತು? ಹೊಲ ಮಾರಿದವನ ಹೆಸರು ಪಹಣಿಯಲ್ಲಿ ಇದೆಯೇ ಎಂದು ಸಬ್ ರಿಜಿಸ್ಟ್ರಾರ್ ಕಾಗದ ನೋಡಿ ನಂಬಬೇಕು. ನೋಂದಣಿಯಾದ ಸುದ್ದಿ ತಹಶೀಲ್ದಾರರಿಗೆ ಕಾಗದದಲ್ಲಿ ಹೋಗಬೇಕು. ಹೋಗುವಷ್ಟರಲ್ಲಿ ಅದೇ ಹೊಲ ಇನ್ನೊಬ್ಬನಿಗೂ ಮಾರಾಟವಾಗಬಹುದು. ಎರಡನ್ನೂ ಜೋಡಿಸಿದ ಮೇಲೆ ಕ್ರಯದ ಮುನ್ನ ಕಾವೇರಿ ಭೂಮಿಯನ್ನು ಕೇಳುತ್ತದೆ: ಈ ಸರ್ವೆ ನಂಬರಿನಲ್ಲಿ ಇವನ ಹೆಸರಿದೆಯೇ? ಕ್ರಯವಾದ ಮೇಲೆ ಜೆ-ಸ್ಲಿಪ್ ಎಂಬ ಚೀಟಿ ಕಂಪ್ಯೂಟರಿನಲ್ಲೇ ಭೂಮಿಗೆ ಹೋಗುತ್ತದೆ; ಪಹಣಿಯ ಹೆಸರು ಬದಲಿಸುವ ಮ್ಯುಟೇಶನ್ ಅಲ್ಲಿಂದ ಶುರು.

ಕ್ರಯದ ಚೀಟಿ ತಲುಪಿದ ತಕ್ಷಣ ಪಹಣಿ ಬದಲಾಗುವಂತೆ ಮೊದಲಿಗೆ ಮಾಡಿರಲಿಲ್ಲ. ನೋಟಿಸು ಹೊರಟು, ತಕರಾರಿಗೆ ಕಾನೂನು ಕೊಟ್ಟ ದಿನಗಳು ಕಳೆದು, ಆಮೇಲೆ ಹೆಸರು ಬದಲಾಗುತ್ತಿತ್ತು. ಮ್ಯುಟೇಶನ್ ಅರ್ಜಿಗಳನ್ನು ಬಂದ ಸರದಿಯಲ್ಲೇ ನೋಡಬೇಕು, ನೌಕರ ಬೆರಳಚ್ಚು ಕೊಟ್ಟೇ ಒಳಹೊಕ್ಕಬೇಕು ಎಂಬ ಕಟ್ಟುಪಾಡೂ ಇತ್ತು. ಸುದ್ದಿ ಬಂದದ್ದು ಬೇರೆ, ಸುದ್ದಿಯನ್ನು ಒಪ್ಪಿದ್ದು ಬೇರೆ ಎಂಬ ವಿವೇಕ ಆ ವ್ಯವಸ್ಥೆಯಲ್ಲಿತ್ತು. ಸಾಗಾಟದಲ್ಲಿ ವೇಗವೊಂದೇ ಗುರಿಯಾದರೆ ಈ ವಿವೇಕ ಮೊದಲು ಕೈಬಿಡುತ್ತದೆ. ಅದನ್ನು ಕೈಬಿಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಯಂತ್ರದ ಒಳಗಿನ ಕೆಲಸ. ದಿನಾಲೂ ಇಡೀ ಕಡತವನ್ನು ಹೊತ್ತೊಯ್ಯಲು ಆಗುವುದಿಲ್ಲ. ನಿನ್ನೆಯಿಂದ ಬದಲಾದದ್ದನ್ನಷ್ಟೇ ಒಯ್ಯಬೇಕು. ಅದಕ್ಕೆ ‘ನಿನ್ನೆ ಇಲ್ಲಿಗೆ ಬಂದಿದ್ದೆವು’ ಎಂಬ ಗುರುತು ಬೇಕು, ಬಹಳ ಕಡೆ ಅದು ಕೊನೆಯ ತಿದ್ದುಪಡಿಯ ವೇಳೆ. ಇದರಲ್ಲಿ ಒಂದು ಕಂದಕವಿದೆ. ಅಳಿಸಿದ ಸಾಲಿಗೆ ತಿದ್ದುಪಡಿಯ ವೇಳೆ ಇರುವುದಿಲ್ಲ, ಸಾಲೇ ಇಲ್ಲವಲ್ಲ. ಹಾಗಾಗಿ ಒಂದು ಕಡೆ ಅಳಿಸಿಹೋದ ಹೆಸರು ಇನ್ನೊಂದು ಕಡೆ ವರ್ಷಗಟ್ಟಲೆ ಜೀವಂತವಾಗಿರುತ್ತದೆ. ಅನುಭವಿಗಳು ಸಾಲನ್ನು ಅಳಿಸದೆ ‘ರದ್ದು’ ಎಂದು ಗುರುತು ಹಾಕುತ್ತಾರೆ, ಅಥವಾ ಡೇಟಾಬೇಸು ತಾನೇ ಬರೆದುಕೊಳ್ಳುವ ದಿನಚರಿಯನ್ನು ಓದಿ ಸೇರಿದ್ದು, ತಿದ್ದಿದ್ದು, ಅಳಿದದ್ದು ಮೂರನ್ನೂ ಹಿಡಿಯುತ್ತಾರೆ. ಕರೆಂಟು ಹೋಗಿ ಅರ್ಧಕ್ಕೆ ನಿಂತ ಸಾಗಾಟವನ್ನು ಮತ್ತೆ ನಡೆಸಿದರೆ ಮೊದಲ ಅರ್ಧ ಎರಡು ಸಲ ಸೇರಬಾರದು. ಹತ್ತು ಸಲ ಓಡಿಸಿದರೂ ಫಲ ಒಂದೇ ಇರುವಂತೆ ಕಟ್ಟಬೇಕು. ಬೇರೆ ಬೇರೆ ಕಂಪನಿಯ ಡೇಟಾಬೇಸುಗಳ ಸ್ವಭಾವವೂ ಬೇರೆ. ತಂದೆಯ ಹೆಸರಿನ ಜಾಗ ಖಾಲಿಯಿದ್ದರೆ ಒರಾಕಲ್ ಅದನ್ನು ‘ಗೊತ್ತಿಲ್ಲ’ ಎಂದೇ ಎಣಿಸುತ್ತದೆ. ಪೋಸ್ಟ್‌ಗ್ರೆಸ್ ‘ಖಾಲಿ’ ಬೇರೆ, ‘ಗೊತ್ತಿಲ್ಲ’ ಬೇರೆ ಎನ್ನುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋದಾಗ ಹೋಲಿಕೆ ಅಲ್ಲೂ ಮುಗ್ಗರಿಸುತ್ತದೆ.

ಕೊನೆಗೆ ತಾಳೆ. ಅತ್ತ ಎಷ್ಟು ಸಾಲು ಹೊರಟವು, ಇತ್ತ ಎಷ್ಟು ಸೇರಿದವು, ಎಷ್ಟು ಬಿದ್ದವು. ಜೊತೆಗೆ ಊರಿನ ಒಟ್ಟು ಎಕರೆ ಎರಡೂ ಕಡೆ ಕೂಡಿಸಿ ನೋಡಬೇಕು. ಸಾಲಿನ ಎಣಿಕೆ ಸರಿಯಿದ್ದು ಎಕರೆಯ ಮೊತ್ತ ತಪ್ಪಿದರೆ ಗುಂಟೆ ಸೆಂಟಿನ ಗೊಂದಲ ಅಲ್ಲೇ ಸಿಕ್ಕಿಬೀಳುತ್ತದೆ. ಕರಣಂ ಪುಟದ ಕೆಳಗೆ ಬರೆಯುತ್ತಿದ್ದ ಮೊತ್ತದ ಸಾಲಿಗೆ ಇದೇ ಉದ್ದೇಶವಿತ್ತು.

ಬಿದ್ದ ಸಾಲುಗಳು ಎಲ್ಲಿ ಹೋಗುತ್ತವೆ? ಒಳ್ಳೆಯ ವ್ಯವಸ್ಥೆಯಲ್ಲಿ ಅವು ಬೇರೆ ಪಟ್ಟಿಯಲ್ಲಿ ಕಾರಣ ಸಹಿತ ನಿಲ್ಲುತ್ತವೆ. ಪಿಎಂ-ಕಿಸಾನ್‌ನಲ್ಲೂ ಬ್ಯಾಂಕಿನ ವಿವರ ತಾಳೆಯಾಗದ ಸಾಲು ತಿದ್ದುಪಡಿಗಾಗಿ ರಾಜ್ಯಕ್ಕೆ ಮರಳುತ್ತದೆ. ಆದರೆ ಆ ಪಟ್ಟಿ ಕಚೇರಿಯ ಲಾಗಿನ್‌ನೊಳಗೆ ಉಳಿದುಬಿಟ್ಟರೆ ಈರಣ್ಣನಿಗೆ ತಾನು ಬಿದ್ದಿದ್ದೇನೆಂದು ತಿಳಿಯುವುದು ಪಕ್ಕದ ಹೊಲದವನಿಗೆ ಹಣ ಬಂದ ಮೇಲೆ. ಆಗ ಅವನು ಮೀಸೇವಾ ಕೇಂದ್ರಕ್ಕೆ ಹೋಗುತ್ತಾನೆ, ಅಲ್ಲಿಂದ ಗ್ರಾಮ ಸಚಿವಾಲಯಕ್ಕೆ, ಅಲ್ಲಿಂದ ಬ್ಯಾಂಕಿಗೆ. ಒಂದೊಂದು ಕಡೆಯೂ ಒಂದೊಂದು ದಿನದ ಕೂಲಿ ಹೋಗುತ್ತದೆ. ಎಲ್ಲ ಕಡೆಯೂ ಅವನಿಗೆ ‘ನಮ್ಮಲ್ಲಿ ಸರಿಯಾಗಿದೆ’ ಎಂಬ ಉತ್ತರ ಸಿಗಬಹುದು, ಮತ್ತು ಆ ಉತ್ತರ ಎಲ್ಲ ಕಡೆಯೂ ನಿಜವೇ ಆಗಿರಬಹುದು. ತಪ್ಪಿರುವುದು ಯಾವ ಕಚೇರಿಯ ಒಳಗೂ ಅಲ್ಲದ ನಡುದಾರಿಯಲ್ಲಿ.

ಆ ನಡುದಾರಿಗೆ ಒಬ್ಬ ಜವಾಬ್ದಾರ ಬೇಕು. ಪ್ರತಿ ಸಾಗಾಟದ ನಂತರ ಬಿದ್ದ ಸಾಲುಗಳ ಪಟ್ಟಿಯನ್ನು ಊರಿನ ಸಚಿವಾಲಯದ ಗೋಡೆಗೆ ಹಚ್ಚಲಿ, ಆಧಾರ್ ಅಂಕಿಗಳನ್ನು ಮರೆಮಾಡಿ, ಕಾರಣವನ್ನು ಸರಳ ಮಾತಿನಲ್ಲಿ ಬರೆದು. ಕೌತಾಳಂ, ಕೋಸಿಗಿ, ಹೊಳಗುಂದ, ಆದೋನಿಯಂಥ ಕಡೆ ಆ ಪಟ್ಟಿ ತೆಲುಗು, ಕನ್ನಡ ಎರಡೂ ಲಿಪಿಯಲ್ಲಿರಲಿ. ಲಿಪಿ ಬದಲಿಸಲು 128 ಕೂಡಿಸಿದರೆ ಸಾಕು. ಸರ್ಕಾರಗಳಿಗೆ ಇದು ದೊಡ್ಡ ಖರ್ಚಿನ ಕೆಲಸವಲ್ಲ.

ಓದುಗರಿಗೂ ಒಂದು ಮಾತು. ಬಿಡುವಾದ ದಿನ ಮನೆಯಲ್ಲಿರುವ ಪಹಣಿ ಅಥವಾ ಅಡಂಗಲ್, ಆಧಾರ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರನ್ನು ಅಕ್ಷರ ಅಕ್ಷರವಾಗಿ, ವಿಸ್ತೀರ್ಣವನ್ನು ಅಂಕಿ ಅಂಕಿಯಾಗಿ ಓದಿ. ಓದು ಬಾರದ ಹಿರಿಯರಿದ್ದರೆ ಮನೆಯ ಮಕ್ಕಳಿಂದ ಓದಿಸಿ. ವ್ಯತ್ಯಾಸ ಕಂಡರೆ ಮುಂದಿನ ಕಂತಿನವರೆಗೆ ಕಾಯಬೇಡಿ. ಅರ್ಜಿ ಕೊಟ್ಟು, ಸ್ವೀಕೃತಿ ಚೀಟಿ ಪಡೆದು, ಅದರ ನಂಬರನ್ನು ಪಾಸ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಡಿ.